ಹಿಮಗಾಳಿ ನಿಂತ ಮರುದಿನ ಹೊರಡಬಹುದೇ? ಕೇದಾರಕಂಠಕ್ಕೆ ಹೊರಟ ಸಾಗರದ ಓದುಗರಿಗೆ ಉತ್ತರ

ಪ್ರಶ್ನೆ: ಸರ್, ನಾವು ಸಾಗರ, ಹೊಸನಗರ ಕಡೆಯ ಆರು ಜನ ಗೆಳೆಯರು. ಕೊಡಚಾದ್ರಿ, ಕುಂದಾದ್ರಿ, ಕವಲೇದುರ್ಗ ಎಲ್ಲವನ್ನೂ ಮಳೆಗಾಲದಲ್ಲೇ ಹತ್ತಿ ಅಭ್ಯಾಸವಿದೆ. ಬರುವ ಫೆಬ್ರವರಿಯಲ್ಲಿ ಉತ್ತರಾಖಂಡದ ಕೇದಾರಕಂಠಕ್ಕೆ ಹೋಗಬೇಕೆಂದಿದ್ದೇವೆ. ನಾವು ಅಲ್ಲಿದ್ದಾಗಲೇ ಜೋರು ಹಿಮಗಾಳಿ ಬಂದರೆ ಏನು ಮಾಡಬೇಕು? ಒಂದು ದಿನ ಟೆಂಟಿನಲ್ಲಿದ್ದು ಬಿಸಿಲು ಬಂದ ಕೂಡಲೇ ಶಿಖರಕ್ಕೆ ಹೊರಟರೆ ಸಾಕಲ್ಲವೇ? ಹಿಮಕುಸಿತ ಆಗುವುದು ಎವರೆಸ್ಟಿನಂಥ ಎತ್ತರದ ಕಡೆ ಮಾತ್ರ ಎಂದು ಮನೆಯಲ್ಲಿ ಹೇಳಿ ಒಪ್ಪಿಸಿದ್ದೇನೆ. ಅದು ಸರಿಯೇ? ಕೂಗಿದರೆ ಹಿಮ ಕುಸಿಯುತ್ತದೆ ಎನ್ನುವುದು ನಿಜವೇ? ಫೆಬ್ರವರಿ ಬಿಟ್ಟು ಬೇರೆ ತಿಂಗಳು ಒಳ್ಳೆಯದೇ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಯಾಕೆಂದರೆ ಆರು ಜನರ ಜೀವ ನಿಂತಿರುವುದು ಅದರ ಮೇಲೆ. ಬಿಸಿಲು ಬಂದ ಕೂಡಲೇ ಹೊರಡಬೇಡಿ. ಹಿಮಗಾಳಿ ನಿಂತ ಮೇಲಿನ ಮೊದಲ 24 ಗಂಟೆ, ಹಿಮ ಜೋರಾಗಿ ಬಿದ್ದಿದ್ದರೆ 48 ಗಂಟೆ, ಚಳಿ ಬಿಗಿಯಾಗಿದ್ದರೆ ಅದಕ್ಕಿಂತಲೂ ಹೆಚ್ಚು ಹೊತ್ತು, ಕಡಿದಾದ ಹಿಮದ ಇಳಿಜಾರಿನ ಮೇಲೂ ಅದರ ಬುಡದಲ್ಲೂ ಕಾಲಿಡಬಾರದು.

ಈ ಮಾತನ್ನು ಮಲೆನಾಡಿನವರಿಗೆ ಒತ್ತಿ ಹೇಳಬೇಕು. ನಾವೆಲ್ಲ ಹೊಳವಿಗೆ, ಅಂದರೆ ಮಳೆ ಬಿಟ್ಟು ಬಿಸಿಲು ಕಾಣುವ ಹೊತ್ತಿಗೆ, ಕಾದು ಬೆಳೆದವರು. ಪುಷ್ಯ, ಆಶ್ಲೇಷಾ ಮಳೆಗಳಲ್ಲಿ ವಾರಗಟ್ಟಲೆ ಜಡಿ ಹಿಡಿದು ಒಂದು ಬೆಳಿಗ್ಗೆ ಹೊಳವಾಯಿತೆಂದರೆ ಊರಿಗೆ ಊರೇ ಗಡಿಬಿಡಿ ಬೀಳುತ್ತದೆ. ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವವರು, ಬಟ್ಟೆ ಒಣಗಿಸುವವರು, ಪೇಟೆಗೆ ಓಡುವವರು. ಸಿಕ್ಕ ಹೊಳವನ್ನು ಕೈಬಿಟ್ಟರೆ ಅಡಿಕೆಗೆ ಕೊಳೆ ಬರುತ್ತದೆ ಎಂಬ ಲೆಕ್ಕ ಮೈಗೇ ಹತ್ತಿಬಿಟ್ಟಿದೆ. ಹಿಮದ ಬೆಟ್ಟದಲ್ಲಿ ಕಲಿಸುವಾಗ ನಾನು ಗಮನಿಸಿದ್ದು ಇದನ್ನೇ. ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಗಾಳಿ, ನೀರು, ಜಾರುವ ನೆಲ ಯಾವುದರ ಅಂಜಿಕೆಯೂ ಇರುವುದಿಲ್ಲ. ಅದು ದೊಡ್ಡ ಬಲ. ಆದರೆ ಆಕಾಶ ತಿಳಿಯಾದ ಕ್ಷಣದಿಂದ ಅವರ ಕಾಲು ನಿಲ್ಲುವುದಿಲ್ಲ. ಹಿಮಗಾಳಿ ಬೀಸುವಾಗ ಯಾರೂ ಹೊರಗೆ ಹೋಗುವುದಿಲ್ಲ, ಕಣ್ಣೇ ಕಾಣಿಸುವುದಿಲ್ಲ. ಮರುದಿನ ನೀಲಿ ಆಕಾಶ, ಹೊಸ ಹಿಮ, ಗಾಳಿಯಿಲ್ಲದ ಬೆಳಗು. ಜನ ಸಾಯುವುದು ಹೆಚ್ಚಾಗಿ ಅಂಥ ದಿನಗಳಲ್ಲಿ.

ಯೋಚಿಸಿ ನೋಡಿದರೆ ಇದು ನಮಗೆ ಪೂರ್ತಿ ಹೊಸದೂ ಅಲ್ಲ. ಮನೆ ಹಿಂದಿನ ಧರೆ ಎಷ್ಟೋ ಸಲ ಜರಿಯುವುದು ಮಳೆ ಬಿಟ್ಟ ಮೇಲೆಯೇ. ಮೇಲೆ ನಿಂತ ನೀರು ಮಣ್ಣೊಳಗೆ ಇಳಿಯುತ್ತಲೇ ಇರುತ್ತದೆ, ಭಾರ ಏರುತ್ತಲೇ ಇರುತ್ತದೆ. ಹಿಮದಲ್ಲಿ ಕಾರಣಗಳು ಬೇರೆ. ಅವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಕಾರಣ ತಿಳಿದವರು ಮಾತ್ರ ಹೊಳವಿನ ಬೆಳಿಗ್ಗೆ ಟೆಂಟಿನಲ್ಲಿ ಕುಳಿತಿರಬಲ್ಲರು.

ಬೆಟ್ಟದ ಮೇಲಿನ ಹಿಮ ಒಂದೇ ರಾಶಿಯಲ್ಲ. ಚಳಿಗಾಲದಲ್ಲಿ ಮೆಡಿಟರೇನಿಯನ್ ಕಡೆಯಿಂದ ಹೊರಟು ಇರಾನ್, ಅಫ್ಘಾನಿಸ್ತಾನ ದಾಟಿ ಬರುವ ಪಶ್ಚಿಮದ ವಾಯುಪ್ರಕ್ಷೋಭೆಗಳು ಒಂದೊಂದೂ ಒಂದೊಂದು ಪದರ ಹಾಕಿ ಹೋಗುತ್ತವೆ. ಎರಡು ಪ್ರಕ್ಷೋಭೆಗಳ ನಡುವಿನ ಬಿಸಿಲು, ಚಳಿ, ಗಾಳಿ ಆ ಪದರದ ಗುಣವನ್ನು ಬದಲಿಸುತ್ತವೆ. ಹಿಮದಡಿಯ ನೆಲ ಸಾಮಾನ್ಯವಾಗಿ ಶೂನ್ಯ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ತಿಳಿಯಾದ ರಾತ್ರಿ ಮೇಲ್ಮೈ ಮೈನಸ್ 15ಕ್ಕೆ ಇಳಿಯಿತೆನ್ನಿ. ಹಿಮದ ದಪ್ಪ 50 ಸೆಂಟಿಮೀಟರ್ ಇದ್ದರೆ ಪ್ರತಿ 10 ಸೆಂಟಿಮೀಟರಿಗೆ 3 ಡಿಗ್ರಿ ವ್ಯತ್ಯಾಸ. 10 ಸೆಂಟಿಮೀಟರಿಗೆ 1 ಡಿಗ್ರಿ ದಾಟಿದರೇ ಸಾಕು, ಕೆಳಗಿನ ಆವಿ ಮೇಲಕ್ಕೆ ಏರುತ್ತ, ಒಂದಕ್ಕೊಂದು ಅಂಟಿದ್ದ ಹಿಮದ ಕಣಗಳನ್ನು ಬಿಡಿಬಿಡಿಯಾದ ಒರಟು ಹರಳುಗಳಾಗಿ ಮಾರ್ಪಡಿಸುತ್ತದೆ. ಅಂಗೈಯಲ್ಲಿ ತೆಗೆದುಕೊಂಡರೆ ಅದು ಉಂಡೆ ಕಟ್ಟುವುದಿಲ್ಲ, ಬೆರಳ ಸಂದಿನಿಂದ ಸೋರಿ ಹೋಗುತ್ತದೆ. ಹಿಮ ತೆಳ್ಳಗಿದ್ದಷ್ಟೂ ಈ ಕೆಡುಕು ಬೇಗ ಆಗುತ್ತದೆ. ಹಾಗಾಗಿ ಡಿಸೆಂಬರ್, ಜನವರಿಯಲ್ಲಿ ಹಿಮ ಕಡಿಮೆ ಬಿದ್ದ ವರ್ಷ ಅಪಾಯವೂ ಕಡಿಮೆ ಎಂದುಕೊಳ್ಳಬಾರದು. ಅದು ಕೆಟ್ಟ ತಳಪಾಯ ಹಾಕಿಟ್ಟ ವರ್ಷ. 2024ರಲ್ಲೂ 2025ರಲ್ಲೂ ಪಶ್ಚಿಮ ಹಿಮಾಲಯದಲ್ಲಿ ಜನವರಿ ಬಹುಪಾಲು ಒಣಗಿಯೇ ಕಳೆಯಿತು, ಆಮೇಲೆ ಫೆಬ್ರವರಿಯಲ್ಲಿ ಜೋರಾಗಿ ಸುರಿಯಿತು.

ಈ ಸಡಿಲ ಪದರದ ಮೇಲೆ ಹಿಮಗಾಳಿ ಅರ್ಧ ಮೀಟರಿನಷ್ಟು ಹೊಸ ಹಿಮ ಸುರಿದು, ಗಾಳಿ ಅದನ್ನು ಒತ್ತಿ ಗಟ್ಟಿ ಹಾಸಾಗಿ ಮಾಡಿದರೆ ಏನಾಗುತ್ತದೆ? ಇಳಿಜಾರಾದ ಅಂಗಳದಲ್ಲಿ ಒಣ ಚಾಲಿ ಅಡಿಕೆ ಹರವಿ, ಅದರ ಮೇಲೊಂದು ಅಗಲದ ಹಲಗೆ ಇಟ್ಟು, ಹಲಗೆಯ ಮೇಲೆ ನೀವು ನಿಂತಂತೆ. ಕಾಲೂರುವ ತನಕ ಹಲಗೆ ಕದಲುವುದಿಲ್ಲ. ಕದಲಿದರೆ ಇಡಿಯಾಗಿ ಕದಲುತ್ತದೆ, ನಿಂತವರ ಸಮೇತ. ಪರ್ವತಾರೋಹಿಗಳು ಇದನ್ನು ಸ್ಲ್ಯಾಬ್ ಎನ್ನುತ್ತಾರೆ. 50 ಮೀಟರ್ ಉದ್ದ, 50 ಮೀಟರ್ ಅಗಲ, ಅರ್ಧ ಮೀಟರ್ ದಪ್ಪದ ಸಾಧಾರಣ ಹಾಸಿಗೇ 250 ಟನ್ನಿನಷ್ಟು ತೂಕ ಬರುತ್ತದೆ. ಒಣ ಹಿಮದ ಹಾಸು ಹೊರಟ ಕೆಲವೇ ಸೆಕೆಂಡುಗಳಲ್ಲಿ ಗಂಟೆಗೆ 80ರಿಂದ 130 ಕಿಲೋಮೀಟರ್ ವೇಗ ಪಡೆಯುತ್ತದೆ. ಓಡಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ.

ಹೊಸ ಹಿಮದ ಭಾರಕ್ಕೆ ಕೆಳಗಿನ ಪದರ ಹೊಂದಿಕೊಳ್ಳಲು ಸಮಯ ಬೇಕು. ನಿಧಾನವಾಗಿ ಬಿದ್ದ ಹಿಮವನ್ನು ಅದು ತಾಳಿಕೊಳ್ಳುತ್ತದೆ. ಒಂದೇ ದಿನದಲ್ಲಿ 30 ಸೆಂಟಿಮೀಟರಿಗಿಂತ ಹೆಚ್ಚು ಬಿದ್ದರೆ, ಅಥವಾ ಗಂಟೆಗೆ ಎರಡು ಮೂರು ಸೆಂಟಿಮೀಟರಿನಂತೆ ಬಿಡದೆ ಸುರಿದರೆ ತಾಳಲಾರದು. ಗಾಳಿಯ ಪಾಲು ಇನ್ನೂ ದೊಡ್ಡದು. ಗಂಟೆಗೆ 25–30 ಕಿಲೋಮೀಟರ್ ವೇಗದ ಗಾಳಿ ಸಾಕು, ಬೆಟ್ಟದ ಬೆನ್ನೆಲುಬಿನಂಥ ಏಣಿನ ಒಂದು ಬದಿಯ ಹಿಮವನ್ನೆಲ್ಲ ಗುಡಿಸಿ ಇನ್ನೊಂದು ಬದಿಗೆ, ಗಾಳಿಯ ಮರೆಗೆ, ಹೇರುತ್ತದೆ. ಆಕಾಶದಿಂದ ಬೀಳುವುದಕ್ಕಿಂತ ಹಲವು ಪಟ್ಟು ವೇಗವಾಗಿ ಅಲ್ಲಿ ಹಿಮ ಜಮೆಯಾಗುತ್ತದೆ. ಕ್ಯಾಂಪಿನಲ್ಲಿ ಮೊಣಕಾಲುದ್ದ ಬಿದ್ದಿದ್ದರೆ ಏಣಿನ ಆಚೆಯ ಕೊರಕಲಿನಲ್ಲಿ ಎದೆಯುದ್ದ ಇರಬಹುದು. ಬೀಳುವುದು ನಿಂತಿದ್ದರೂ ಏಣಿನ ಮೇಲಿಂದ ಬಿಳಿ ಬಾವುಟದಂತೆ ಹಿಮದ ಧೂಳು ಹಾರುತ್ತಿದ್ದರೆ ಭಾರ ಇನ್ನೂ ಏರುತ್ತಿದೆ ಎಂದು ತಿಳಿಯಿರಿ. ಅದರ ಮೇಲೆ ಬೆಳಗಿನ ಬಿಸಿಲು ಬಿದ್ದು ಮೇಲಿನ ಪದರ ಬಿಸಿಯಾದರೆ ಹಾಸಿನ ಬಿಗಿ ಕೆಡುತ್ತದೆ. ನೀವು ಹೊರಡಬೇಕೆಂದುಕೊಂಡ ಹೊತ್ತಿನಲ್ಲೇ ಈ ಮೂರೂ ಒಟ್ಟಾಗಿರುತ್ತವೆ.

ಈಗ ಎತ್ತರದ ಮಾತು. ಮನೆಯಲ್ಲಿ ಹೇಳಿದ್ದನ್ನು ದಯವಿಟ್ಟು ತಿದ್ದಿ ಹೇಳಿ. ಹಿಮಕುಸಿತ ಎತ್ತರ ನೋಡಿ ಆಗುವುದಿಲ್ಲ, ಇಳಿಜಾರಿನ ಕೋನ ನೋಡಿ ಆಗುತ್ತದೆ. ಹಿಮದ ಹಾಸು ಹೊರಡುವುದು ಬಹುತೇಕ 30ರಿಂದ 45 ಡಿಗ್ರಿಯ ನಡುವಿನ ಇಳಿಜಾರಿನಲ್ಲಿ, 38 ಡಿಗ್ರಿಯ ಸುತ್ತಮುತ್ತ ಅತಿ ಹೆಚ್ಚು. ಅದಕ್ಕಿಂತ ತೀರ ಕಡಿದಾದ ಕಡೆ ಹಿಮ ನಿಲ್ಲದೆ ಆಗಾಗ ತಾನೇ ಉದುರುತ್ತಿರುತ್ತದೆ, 25ಕ್ಕಿಂತ ಮಟ್ಟಸವಾದ ಕಡೆ ಹೊರಡುವುದು ತೀರ ಅಪರೂಪ. ಆದರೆ ಮೇಲೆ 38 ಡಿಗ್ರಿಯಲ್ಲಿ ಹೊರಟದ್ದು ಕೆಳಗಿನ ಸಮತಟ್ಟಿಗೂ ಬಂದು ಅಪ್ಪಳಿಸುತ್ತದೆ.

2025ರ ಫೆಬ್ರವರಿ 28ರ ಬೆಳಿಗ್ಗೆ ಬದರಿನಾಥದ ಪಕ್ಕದ ಮಾಣಾದಲ್ಲಿ ಗಡಿ ರಸ್ತೆ ಸಂಸ್ಥೆಯ ಕ್ಯಾಂಪಿನ ಮೇಲೆ ಹಿಮ ಕುಸಿಯಿತು. 54 ಕಾರ್ಮಿಕರು ಸಿಕ್ಕಿಬಿದ್ದರು, 46 ಜನ ಬದುಕಿ ಬಂದರು, 8 ಜನ ತೀರಿಕೊಂಡರು. ಅವರು ಯಾವ ಶಿಖರವನ್ನೂ ಏರುತ್ತಿರಲಿಲ್ಲ, ವಾಸದ ಕಂಟೇನರುಗಳಲ್ಲಿದ್ದರು. ಮಾಣಾದ ಎತ್ತರ ಸುಮಾರು 3,200 ಮೀಟರ್. ನೀವು ಹೋಗುವ ಕೇದಾರಕಂಠದ ತುದಿ 3,800 ಮೀಟರ್. 2023ರ ಏಪ್ರಿಲ್ 4ರಂದು ಸಿಕ್ಕಿಮಿನಲ್ಲಿ ಗ್ಯಾಂಗ್ಟಾಕ್‌ನಿಂದ ನಾಥು ಲಾ ಕಡೆಗೆ ಹೋಗುವ ರಸ್ತೆಯಲ್ಲಿ 7 ಪ್ರವಾಸಿಗರು ಹಿಮದಡಿ ಸಿಕ್ಕಿ ಸತ್ತರು. ಅದು ವಾಹನ ಓಡಾಡುವ ರಸ್ತೆ. ಆದ್ದರಿಂದ ನಡೆಯುವಾಗ ಕಾಲ ಕೆಳಗಿನ ಹಿಮವನ್ನಷ್ಟೇ ನೋಡಿದರೆ ಸಾಲದು, ತಲೆ ಎತ್ತಿ ಮೇಲೆ ಏನು ತೂಗುತ್ತಿದೆ ಎಂದು ನೋಡುವ ಅಭ್ಯಾಸವಾಗಬೇಕು.

ಕೋನವನ್ನು ಅಳೆಯುವುದು ಕಷ್ಟದ ವಿದ್ಯೆಯಲ್ಲ. ಫೋನಿನಲ್ಲೇ ಇಳಿಜಾರು ತೋರಿಸುವ ಆ್ಯಪ್ ಇರುತ್ತದೆ. ಊರುಗೋಲನ್ನು ಇಳಿಜಾರಿನ ಮೇಲೆ ಉದ್ದಕ್ಕೆ ಮಲಗಿಸಿ ಅದರ ಮೇಲೆ ಫೋನಿನ ಅಂಚು ಇಟ್ಟರೆ ಸಾಕು. ನೀವು ಹೊರಡುವ ಮೊದಲೇ ಇದನ್ನು ನಮ್ಮ ಬೆಟ್ಟಗಳಲ್ಲಿ ಕಲಿಯಿರಿ ಎಂದು ನನ್ನ ಒತ್ತಾಯ. ಕೊಡಚಾದ್ರಿಯಲ್ಲಿ ಸರ್ವಜ್ಞ ಪೀಠಕ್ಕೆ ಹೋಗುವಾಗ ಅಕ್ಕಪಕ್ಕದ ಹುಲ್ಲಿನ ಇಳಿಜಾರುಗಳನ್ನು ಮೊದಲು ಕಣ್ಣಂದಾಜಿನಲ್ಲಿ ಹೇಳಿ, ಆಮೇಲೆ ಅಳೆದು ನೋಡಿ. 25ಕ್ಕೂ 35ಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಕೂರಲು ಒಂದೆರಡು ಭಾನುವಾರ ಸಾಕು. ಹಿಮದಲ್ಲಿ ಬಿಳಿಯ ಮೇಲೆ ಬಿಳಿ, ಅಳತೆಗೆ ಮರಗಿಡ ಇರುವುದಿಲ್ಲ, ಕಣ್ಣು ಸುಲಭವಾಗಿ ಮೋಸ ಹೋಗುತ್ತದೆ. ಹಿಮದ ಒಳಗೆ ಏನಿದೆ ಎಂಬುದು ಊಹೆಯ ಮಾತು. ಕೋನ ಮಾತ್ರ ನಿಮ್ಮ ಕೈಯಲ್ಲೇ ಇರುವ, ಸುಳ್ಳು ಹೇಳದ ಸಂಗತಿ. ಹಿಮಗಾಳಿಯ ನಂತರದ ದಿನಗಳಲ್ಲಿ 30 ಡಿಗ್ರಿ ದಾಟಿದ ಇಳಿಜಾರಿಗೆ ಹೋಗುವುದಿಲ್ಲ, ಅಂಥದ್ದರ ಕೆಳಗೂ ನಿಲ್ಲುವುದಿಲ್ಲ ಎಂದು ಊರಿನಲ್ಲೇ ಆರೂ ಜನ ಒಪ್ಪಿಕೊಳ್ಳಿ. ಮೇಲೆ ಹೋದ ಮೇಲೆ ಚರ್ಚೆಗೆ ಇಡಬೇಡಿ.

ಕೂಗಿದರೆ ಹಿಮ ಕುಸಿಯುತ್ತದೆ ಎನ್ನುವುದು ಸಿನಿಮಾದ ಮಾತು. ಮನುಷ್ಯನ ಧ್ವನಿಯ ಒತ್ತಡ ಹಿಮದ ಪದರ ಮುರಿಯಲು ಏನೇನೂ ಸಾಲದು. ಮುರಿಯುವುದು ಭಾರ. ಯುರೋಪು, ಉತ್ತರ ಅಮೆರಿಕದ ದಾಖಲೆಗಳ ಪ್ರಕಾರ ಹಿಮಕುಸಿತಕ್ಕೆ ಸಿಕ್ಕಿದ ಹತ್ತು ಮೋಜಿನ ಚಾರಣಿಗರು, ಸ್ಕೀಯಿಗರಲ್ಲಿ ಒಂಬತ್ತು ಮಂದಿಯ ಪಾಲಿಗೆ ಅದನ್ನು ಹೊರಡಿಸಿದ್ದು ಅವರದೇ ಹೆಜ್ಜೆ ಅಥವಾ ಅವರ ಜೊತೆಯವರ ಹೆಜ್ಜೆ. ಇದರಲ್ಲಿ ಒಂದು ಸಮಾಧಾನವೂ ಇದೆ. ಸಿಡಿಲಿನ ಹಾಗೆ ಎಲ್ಲಿಂದಲೋ ಬಂದು ಎರಗುವ ವಿಧಿ ಇದಲ್ಲ. ಹೆಚ್ಚಿನ ಸಲ ಹೆಜ್ಜೆ ಇಡದೆ ಇರುವ ಆಯ್ಕೆ ನಮಗಿತ್ತು.

ಹಾಗಾದರೆ ಹಿಮಗಾಳಿ ಬಂದೇ ಬಂತು, ನೀವು ಕ್ಯಾಂಪಿನಲ್ಲಿದ್ದೀರಿ. ಮೊದಲು ನೋಡಬೇಕಾದ್ದು ಕ್ಯಾಂಪು ಇರುವ ಜಾಗ. ಇದನ್ನು ಹಿಮ ಬೀಳುವ ಮೊದಲೇ, ಹಗಲು ಬೆಳಕಿನಲ್ಲಿ ನೋಡಿಟ್ಟುಕೊಳ್ಳಬೇಕು. ಸುತ್ತ ಹಳೆಯ ದೊಡ್ಡ ಮರಗಳು ಒತ್ತಾಗಿದ್ದರೆ ಒಳ್ಳೆಯ ಲಕ್ಷಣ. ಕಾಡಿನ ನಡುವೆ ಮೇಲಿಂದ ಕೆಳಗೆ ಪಟ್ಟಿ ಎಳೆದ ಹಾಗೆ ಮರವಿಲ್ಲದ ಜಾಗವಿದ್ದರೆ, ಅಲ್ಲಿರುವ ಗಿಡಗಳೆಲ್ಲ ಒಂದೇ ಪ್ರಾಯದವಾಗಿ ಇಳಿಜಾರಿನ ಕಡೆಗೆ ಬಾಗಿದ್ದರೆ, ಮರಗಳ ಮೇಲ್ಬದಿಯ ಕೊಂಬೆಗಳಷ್ಟೇ ಮುರಿದಿದ್ದರೆ, ಅದು ಹಿಮ ಇಳಿದು ಹೋಗುವ ದಾರಿ. ಸಮತಟ್ಟಾಗಿ, ನೀರು ಹತ್ತಿರವಾಗಿ ಇರುವುದರಿಂದ ಟೆಂಟಿಗೆ ಚೆನ್ನಾಗಿ ಕಾಣುವ ಜಾಗ ಕೆಲವೊಮ್ಮೆ ಅದೇ ಆಗಿರುತ್ತದೆ. ಕೇದಾರಕಂಠದ ದಾರಿ, ಚಾರಣ ಶುರುವಾಗುವ ಸಾಂಕ್ರಿ ಹಳ್ಳಿಯಿಂದ ಜುಡಾ ಕಾ ತಾಲಾಬ್ ಎಂಬ ಕೆರೆಯವರೆಗೆ, ಬಹುಪಾಲು ಕಾಡಿನೊಳಗೇ ಹೋಗುತ್ತದೆ. ಹಿಮಾಲಯದ ಚಳಿಗಾಲದ ದಾರಿಗಳಲ್ಲಿ ಇದು ತಕ್ಕಮಟ್ಟಿಗೆ ಸೌಮ್ಯವಾದದ್ದು, ನಿಮ್ಮ ಆಯ್ಕೆ ಕೆಟ್ಟದ್ದೇನಲ್ಲ. ಮರಗಳ ಮೇಲಿನ ಬಯಲು ಮತ್ತು ತುದಿಗೆ ಹೋಗುವ ಕೊನೆಯ ಕಡಿದಾದ ಏರು, ಅದರ ಅಕ್ಕಪಕ್ಕದ ಕೊರಕಲುಗಳು ಜಾಗ್ರತೆ ಬೇಡುವ ಭಾಗ. ಏಣನ್ನು ಬಿಟ್ಟು ಕೊರಕಲಿಗೆ ಇಳಿಯಬಾರದು, ಇಳಿಯುವಾಗ ಜಾರಿಕೊಂಡು ಹೋಗುವ ಮೋಜಿಗಾಗಿಯಂತೂ ಖಂಡಿತ ಬೇಡ.

ರಾತ್ರಿ ಎರಡು ಗಂಟೆಗೊಮ್ಮೆ ಯಾರಾದರೊಬ್ಬರು ಎದ್ದು ಟೆಂಟಿನ ಮೇಲಿನ ಹಿಮ ಕೊಡವಬೇಕು, ಸುತ್ತಲಿನದನ್ನು ಸಲಿಕೆಯಿಂದ ಬಗೆಯಬೇಕು. ಹಿಮ ಟೆಂಟಿನ ಗಾಳಿಕಿಂಡಿಗಳನ್ನು ಮುಚ್ಚುತ್ತದೆ. ಚಳಿ ಎಂದು ಒಳಗೆ ಸ್ಟೌ ಹೊತ್ತಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿ, ಮಲಗಿದವರು ಮಲಗಿದಲ್ಲೇ ಹೋಗುತ್ತಾರೆ. ವಾಸನೆಯಿಲ್ಲದ, ಕೆಮ್ಮು ಬರಿಸದ ಅನಿಲ ಅದು. ಅಡುಗೆ ಹೊರಗೇ ಆಗಲಿ.

ಮರುದಿನ ಹೊರಗೆ ಬಂದಾಗ ಬೆಟ್ಟ ತಾನೇ ಕೆಲವು ಸುಳಿವು ಕೊಡುತ್ತದೆ. ಎದುರಿನ ಇಳಿಜಾರಿನಲ್ಲಿ ಹೊಸದಾಗಿ ಹಿಮ ಕುಸಿದ ಗುರುತು ಕಂಡರೆ ಅದಕ್ಕಿಂತ ದೊಡ್ಡ ಎಚ್ಚರಿಕೆ ಬೇರೆ ಇಲ್ಲ, ಅದೇ ದಿಕ್ಕಿಗೆ ಮುಖ ಮಾಡಿದ ಎಲ್ಲ ಇಳಿಜಾರುಗಳೂ ಅದೇ ಸ್ಥಿತಿಯಲ್ಲಿವೆ. ಹೆಜ್ಜೆ ಇಟ್ಟಾಗ ಕಾಲ ಕೆಳಗೆ ‘ಗುಂ’ ಎಂದು ಟೊಳ್ಳು ಸದ್ದಾಗಿ ಹಿಮ ಒಂದಿಷ್ಟು ಕೂತ ಹಾಗಾದರೆ ಸಡಿಲ ಪದರ ನಿಮ್ಮ ಭಾರಕ್ಕೆ ಮುರಿಯಿತು ಎಂದೇ ಅರ್ಥ. ನೀವು ಮಟ್ಟಸ ಜಾಗದಲ್ಲಿದ್ದುದರಿಂದ ಬದುಕಿದಿರಿ. ಬೂಟಿನ ಮುಂದೆ ಹಿಮದಲ್ಲಿ ಬಿರುಕು ಗೆರೆ ಹೊಡೆದುಕೊಂಡು ಓಡಿದರೂ ಅಷ್ಟೇ. ಈ ಮೂರರಲ್ಲಿ ಯಾವುದು ಕಂಡರೂ ಬಂದ ಹೆಜ್ಜೆಗುರುತಿನ ಮೇಲೇ ಹಿಂತಿರುಗಿ. ಇನ್ನಷ್ಟು ಮುಂದೆ ನೋಡೋಣ ಎನ್ನುವ ಮಾತು ಬೇಡ.

ಹಿಮದಲ್ಲಿ ಗುಂಡಿ ತೋಡಿ ಪದರ ನೋಡುವ ಪರೀಕ್ಷೆಗಳ ವಿಡಿಯೋ ನೀವು ನೋಡಿರಬಹುದು. 30 ಸೆಂಟಿಮೀಟರ್ ಚೌಕದ ಹಿಮದ ಕಂಬ ಕಡಿದು, ಮೇಲೆ ಸಲಿಕೆ ಇಟ್ಟು, ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು ಪೆಟ್ಟು ಕೊಟ್ಟು ಎಷ್ಟನೆಯದಕ್ಕೆ ಮುರಿಯಿತು ಎಂದು ಲೆಕ್ಕ ಇಡುತ್ತಾರೆ. ಕಲಿಯಲು ಒಳ್ಳೆಯದು, ನಾನೂ ಕಲಿಸುತ್ತೇನೆ. ಆದರೆ ಹೊಸಬರು ಇದನ್ನು ಅನುಮತಿ ಚೀಟಿಯ ಹಾಗೆ ಬಳಸುವುದನ್ನು ನಾನು ಒಪ್ಪುವುದಿಲ್ಲ. ಗುಂಡಿ ತೋಡಿದ ಕಡೆ ಗಟ್ಟಿಯಿದ್ದ ಹಿಮ ಇಪ್ಪತ್ತು ಮಾರು ಆಚೆ, ಬಂಡೆಯೊಂದರ ಪಕ್ಕ ತೆಳ್ಳಗಾದಲ್ಲಿ, ಪೂರ್ತಿ ಬೇರೆಯಿರಬಹುದು. ಪರೀಕ್ಷೆಯಲ್ಲಿ ಬೇಗ ಮುರಿದರೆ ಹಿಂತಿರುಗಲು ಅದು ಕಾರಣವಾಗಲಿ. ಮುರಿಯದಿದ್ದರೆ ಮುಂದೆ ಹೋಗಲು ಕಾರಣವಾಗದಿರಲಿ.

ಪರಿಣತಿಯೇ ಕಾಯುತ್ತದೆ ಎಂಬ ನಂಬಿಕೆಯೂ ಬೇಡ. 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡ ದ್ರೌಪದಿ ಕಾ ಡಂಡಾ ಎಂಬ ಶಿಖರದ ಹತ್ತಿರ ಹಿಮಕುಸಿತಕ್ಕೆ ಸಿಕ್ಕಿತು. 29 ಜನರನ್ನು ಕಳೆದುಕೊಂಡೆವು. ಅದೇ ವರ್ಷ ಮೇ ತಿಂಗಳಲ್ಲಿ ಎವರೆಸ್ಟ್ ಏರಿ ಬಂದಿದ್ದ ಬೋಧಕಿ ಸವಿತಾ ಕಂಸ್ವಾಲ್ ಅವರಲ್ಲೊಬ್ಬರು. ನಮ್ಮಂಥವರಿಗೆ ಆ ದಿನ ಮರೆಯುವಂಥದ್ದಲ್ಲ. ಅಷ್ಟು ಬಲ್ಲವರೂ ಸಿಕ್ಕಿಬೀಳಬಲ್ಲರು ಎಂದ ಮೇಲೆ ನಾವು ಜಾಣತನಕ್ಕಿಂತ ದೂರವನ್ನು ನಂಬಬೇಕು. ಅನುಮಾನದ ಇಳಿಜಾರಿನಿಂದ ದೂರ, ಹಿಮಗಾಳಿಯ ದಿನದಿಂದ ದೂರ.

ಮುನ್ಸೂಚನೆಗೆ ಬರುತ್ತೇನೆ. ಪಶ್ಚಿಮದ ಪ್ರಕ್ಷೋಭೆ ನಮ್ಮ ಮಳೆ ನಕ್ಷತ್ರಗಳಂತೆ ತಿಥಿ ಇಟ್ಟುಕೊಂಡು ಬರುವುದಿಲ್ಲ. ಆದರೆ ಬರುವುದನ್ನು ಹವಾಮಾನ ಇಲಾಖೆ ಮೂರು ನಾಲ್ಕು ದಿನ ಮೊದಲೇ ಹೇಳುತ್ತದೆ. ಹಿಮಕುಸಿತದ ಎಚ್ಚರಿಕೆಯನ್ನೇ ಕೊಡುವ ಸಂಸ್ಥೆ ಬೇರೆ ಇದೆ, ದೇಶದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ ಸೇರಿದ, ಚಂಡೀಗಢದಲ್ಲಿರುವ ಡಿಜಿಆರ್‌ಇ. ಹಿಂದೆ ಮನಾಲಿಯಲ್ಲಿ ‘ಸಾಸೆ’ ಎಂಬ ಹೆಸರಿನಲ್ಲಿ ಶುರುವಾದದ್ದು. ಉತ್ತರಾಖಂಡ, ಹಿಮಾಚಲ, ಜಮ್ಮು ಕಾಶ್ಮೀರ, ಲಡಾಖ್‌ಗಳಿಗೆ ಜಿಲ್ಲಾವಾರು ಅಪಾಯದ ಮಟ್ಟ ಪ್ರಕಟಿಸುತ್ತದೆ. ಸಾಂಕ್ರಿ ಇರುವುದು ಉತ್ತರಕಾಶಿ ಜಿಲ್ಲೆಯಲ್ಲಿ, ಅದನ್ನು ನೋಡಿ. ಜಗತ್ತಿನ ಹಲವೆಡೆ ಬಳಸುವ ಐದು ಮಟ್ಟಗಳ ಅಳತೆಯಲ್ಲಿ ಅತಿ ಹೆಚ್ಚು ಸಾವುಗಳಾಗುವುದು ಐದರಲ್ಲಾಗಲಿ ನಾಲ್ಕರಲ್ಲಾಗಲಿ ಅಲ್ಲ. ಆ ದಿನಗಳಲ್ಲಿ ಜನ ಹೊರಗೇ ಬರುವುದಿಲ್ಲ. ಮೂರನೆಯ ಮಟ್ಟದ ದಿನಗಳಲ್ಲಿ, ಮಧ್ಯದ್ದು ತಾನೇ ಎಂದು ಹೊರಟವರು ಸಾಯುತ್ತಾರೆ. ಮೂರು ಎಂದರೆ ನಿಮ್ಮ ಮಟ್ಟಿಗೆ ಶಿಖರ ಇಲ್ಲ ಎಂದೇ ಓದಿಕೊಳ್ಳಿ. ಜಿಲ್ಲೆಗೊಂದು ಮಟ್ಟ ಹೇಳಿದ ಮಾತ್ರಕ್ಕೆ ನಿಮ್ಮ ಮುಂದಿನ ಕೊರಕಲಿನ ಕಥೆ ಗೊತ್ತಾಗುವುದಿಲ್ಲ ಎಂಬುದೂ ನೆನಪಿರಲಿ.

ಹೂತುಹೋದರೆ ಎನ್ನುವ ಪ್ರಶ್ನೆಯನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ಪೂರ್ತಿ ಹೂತವರಲ್ಲಿ ಮೊದಲ ಹತ್ತು ಹದಿನೈದು ನಿಮಿಷದೊಳಗೆ ಹೊರತೆಗೆದವರು ಹೆಚ್ಚಿನವರು ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಮೂವರಲ್ಲಿ ಒಬ್ಬರು ಉಳಿದರೆ ಹೆಚ್ಚು, ಉಸಿರು ಕಟ್ಟಿ ಹೋಗುತ್ತದೆ. ಅಂದರೆ ಹೆಲಿಕಾಪ್ಟರ್, ರಕ್ಷಣಾ ಪಡೆ ಯಾವುದೂ ಅಷ್ಟರೊಳಗೆ ಬರಲಾರದು, ಬದುಕಿಸುವವರು ಪಕ್ಕದಲ್ಲಿದ್ದವರೇ. ಅದಕ್ಕೆ ಮೂರು ವಸ್ತು ಬೇಕು. 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕಳಿಸುವ, ಪ್ರತಿಯೊಬ್ಬರ ಮೈಮೇಲೂ ಇರಬೇಕಾದ ಬೀಕನ್, ಚುಚ್ಚಿ ನೋಡಲು ಮಡಚುವ ಉದ್ದ ಸರಳು, ಲೋಹದ ಸಲಿಕೆ. ಕುಸಿದು ನಿಂತ ಹಿಮ ಗಾರೆಯಂತೆ ಬಿಗಿಯುತ್ತದೆ, ಕೈಯಿಂದ ಅಗೆಯಲಾಗುವುದಿಲ್ಲ. ನಮ್ಮ ದೇಶದ ಸಾಮಾನ್ಯ ಚಾರಣಗಳಲ್ಲಿ ಇವನ್ನು ಕೊಡುವುದು ಅಪರೂಪ. ಇದ್ದರೂ ಬಳಸಲು ಅಭ್ಯಾಸ ಬೇಕು. ಇಲ್ಲದ ಮೇಲೆ, ಹೂತರೆ ತೆಗೆಯುವ ದಾರಿಯೇ ಇಲ್ಲ ಎಂದು ತಿಳಿದು ಅದಕ್ಕೆ ತಕ್ಕಂತೆ ದೂರ ಇರಬೇಕು.

ದಾಟಲೇಬೇಕಾದ ಅನುಮಾನದ ತಾಣ ಬಂದರೆ ಒಬ್ಬೊಬ್ಬರಾಗಿ ದಾಟಿ, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ಕಣ್ಣಿಟ್ಟಿರಲಿ. ಯಾರಾದರೂ ಸಿಕ್ಕಿದರೆ ಕೊನೆಯ ಬಾರಿ ಕಂಡ ಜಾಗವನ್ನು ಗುರುತು ಮಾಡಿ, ಮತ್ತೊಂದು ಕುಸಿತದ ಭಯ ಇಲ್ಲವೆಂದು ನೋಡಿಕೊಂಡು ಅದರ ಕೆಳಭಾಗದಲ್ಲಿ ಹುಡುಕಿ. ಸಿಕ್ಕಿದವರು ಕೈಕಾಲು ಬಡಿದು ಮೇಲೆ ಉಳಿಯಲು, ಬದಿಗೆ ಸರಿಯಲು ನೋಡಬೇಕು. ಹಿಮ ನಿಧಾನವಾಗುತ್ತಿದೆ ಎನಿಸಿದ ಕೂಡಲೇ ಎರಡೂ ಕೈ ಮುಖದ ಮುಂದೆ ತಂದು ಉಸಿರಿಗೆ ಜಾಗ ಮಾಡಿಕೊಳ್ಳಬೇಕು, ನಿಂತ ಮೇಲೆ ಬೆರಳೂ ಅಲ್ಲಾಡದು.

2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕಿದ ನಮ್ಮ ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದರನ್ನು ನೆನೆದು, ದಿನಗಟ್ಟಲೆ ಬದುಕಬಹುದಲ್ಲ ಎಂದು ಹಲವರು ನನ್ನನ್ನು ಕೇಳುತ್ತಾರೆ. ಅದು ಲಕ್ಷಕ್ಕೊಂದು ಘಟನೆ. ಅವರ ಜೊತೆಗಿದ್ದ ಒಂಬತ್ತು ಜನರೂ ಉಳಿಯಲಿಲ್ಲ, ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರೂ ತೀರಿಕೊಂಡರು.

ಹಿಮಗಾಳಿ ಕುಸಿತದಿಂದ ಮಾತ್ರ ಕೊಲ್ಲುವುದಿಲ್ಲ. 2024ರ ಜೂನ್ ಆರಂಭದಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಹೋಗಿದ್ದ ಕರ್ನಾಟಕದವರೇ ಹೆಚ್ಚಿದ್ದ 22 ಜನರ ತಂಡ ಕ್ಯಾಂಪಿಗೆ ಹಿಂತಿರುಗುವಾಗ ಹಿಮಗಾಳಿಗೆ ಸಿಕ್ಕಿ 9 ಜನ ಚಳಿಯ ಕೊರೆತಕ್ಕೇ ಬಲಿಯಾದರು. ಅದು ಬೇಸಿಗೆ. ದಾರಿ ಕಾಣದೆ, ಒದ್ದೆ ಬಟ್ಟೆಯಲ್ಲಿ, ಗಾಳಿಗೆ ಒಡ್ಡಿಕೊಂಡು ಕೂತರೆ ಮೈ ಬಿಸಿ ಗಂಟೆಗಳಲ್ಲಿ ಇಳಿಯುತ್ತದೆ. ಮಲೆನಾಡಿನಲ್ಲಿ ತೊಯ್ದೇ ನಡೆದು ಮನೆಗೆ ಬಂದು ಬಚ್ಚಲೊಲೆಯ ಮುಂದೆ ಕೂತು ಸರಿಯಾಗುವ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ಒಂದು ಜೊತೆ ಒಳಬಟ್ಟೆ, ಕಾಲುಚೀಲ, ಕೈಗವಸು ಏನಾದರೂ ಆಗಲಿ ಒದ್ದೆಯಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಪ್ರತಿಯೊಬ್ಬರ ಬೆನ್ನ ಮೇಲೇ ಇರಲಿ, ಹೇಸರಗತ್ತೆಯ ಮೇಲಲ್ಲ.

ನಾನು ಇಷ್ಟೆಲ್ಲ ಹೇಳಿದರೂ ನಿಮ್ಮನ್ನು ಮುಂದಕ್ಕೆ ದೂಡುವ ಒಂದು ಶಕ್ತಿ ಇದೆ. ಶಿವಮೊಗ್ಗದಿಂದ ಬೆಂಗಳೂರು, ಅಲ್ಲಿಂದ ದೆಹಲಿ ಅಥವಾ ಡೆಹ್ರಾಡೂನ್, ಅಲ್ಲಿಂದ ಇಡೀ ಹಗಲು ಜೀಪು. ಹಿಂತಿರುಗುವ ಟಿಕೆಟ್ ಮೊದಲೇ ಆಗಿರುತ್ತದೆ, ರಜೆ ಲೆಕ್ಕ ಹಾಕಿ ಹಾಕಿದ್ದು. ಹಿಮಗಾಳಿ ಒಂದು ದಿನ ತಿಂದರೆ ಉಳಿಯುವುದು ಮರುದಿನ ಬೆಳಿಗ್ಗೆ ಮಾತ್ರ, ಅದೇ ಅತ್ಯಂತ ಕೆಟ್ಟ ಬೆಳಿಗ್ಗೆ. ಮುಂದೆ ಹೋದ ಇನ್ನೊಂದು ತಂಡದ ಹೆಜ್ಜೆಗುರುತು ಕಂಡರೆ ಧೈರ್ಯವೂ ಬರುತ್ತದೆ. ಮೊದಲ ಹತ್ತು ಜನ ದಾಟಿದ ಇಳಿಜಾರು ಹನ್ನೊಂದನೆಯವರ ಕಾಲಿಗೆ ಹೊರಟದ್ದಿದೆ, ಹೆಜ್ಜೆಗುರುತು ಏನನ್ನೂ ಸಾಬೀತು ಮಾಡುವುದಿಲ್ಲ. ಆದ್ದರಿಂದ ಸುರಕ್ಷತೆಯ ನಿಜವಾದ ಕೆಲಸ ಆಗಬೇಕಾದ್ದು ಟಿಕೆಟ್ ಬುಕ್ ಮಾಡುವಾಗ. ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಆ ಹಣವನ್ನು ದುಬಾರಿ ಜಾಕೆಟಿಗೆ ಹಾಕುವ ಬದಲು ಇದಕ್ಕೆ ಹಾಕಿ. ಚಾರಣ ನಡೆಸುವವರನ್ನು ಹಣ ಕಟ್ಟುವ ಮೊದಲೇ ಕೇಳಿ: ಹಿಮ ಜೋರಾಗಿ ಬಿದ್ದ ಮರುದಿನ ನೀವು ಶಿಖರಕ್ಕೆ ಕರೆದೊಯ್ಯುತ್ತೀರಾ? ಬೇಡವೆನ್ನುವ ಅಧಿಕಾರ ಯಾರದು, ಜೊತೆಗಿರುವ ಗೈಡಿನದೋ ಕಚೇರಿಯದೋ? ಸಾಂಕ್ರಿಯ ಹಳ್ಳಿಯವರು ಗೈಡಾಗಿದ್ದಾರಾ? ‘ನಮ್ಮ ಕಡೆ ನೂರಕ್ಕೆ ನೂರು ಶಿಖರ ಗ್ಯಾರಂಟಿ’ ಎಂಬ ಉತ್ತರ ಬಂದರೆ ಬೇರೆಯವರನ್ನು ಹುಡುಕಿ. ಸಾಂಕ್ರಿಯ ಹಿರಿಯರು ಇವತ್ತು ಬೇಡ ಎಂದರೆ ಕಾರಣ ಕೇಳದೆ ಒಪ್ಪಿಕೊಳ್ಳಿ, ಆಮೇಲೆ ಚಹಾ ಕುಡಿಯುತ್ತ ಕಾರಣ ಕೇಳಿ ಕಲಿಯಿರಿ.

ಕೊನೆಯ ಪ್ರಶ್ನೆ, ತಿಂಗಳು. ಹಿಮ ಮೊದಲ ಸಲ ತುಳಿಯುವವರಿಗೆ ನಾನು ಫೆಬ್ರವರಿ ಹೇಳುವುದಿಲ್ಲ. ಪ್ರಕ್ಷೋಭೆಗಳು ಜೋರಾಗಿರುವ, ಕೆಳಗಿನ ಪದರ ಹದಗೆಟ್ಟಿರುವ ತಿಂಗಳು ಅದು. ಮಾರ್ಚ್ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ ಹಿಮ ಸಾಕಷ್ಟು ಉಳಿದಿರುತ್ತದೆ, ಪದರಗಳು ಒಂದಕ್ಕೊಂದು ಬೆಸೆದಿರುತ್ತವೆ, ಹಗಲೂ ಉದ್ದ. ಆಗಿನ ಅಪಾಯ ಬೇರೆ ಬಗೆಯದು. ಮಧ್ಯಾಹ್ನದ ಬಿಸಿಲಿಗೆ ಹಿಮ ಒದ್ದೆಯಾಗಿ ಜಾರುತ್ತದೆ. ಅದಕ್ಕೆ ಮದ್ದು ಗಡಿಯಾರ. ರಾತ್ರಿ ಹೆಪ್ಪುಗಟ್ಟಿದ ಹಿಮದ ಮೇಲೆ ಬೆಳಗಿನ ಜಾವ ಮೂರಕ್ಕೆ ಹೊರಟು, ಸೂರ್ಯ ಏರುವಾಗ ತುದಿಯಲ್ಲಿದ್ದು, ಹತ್ತು ಹನ್ನೊಂದು ಗಂಟೆಯೊಳಗೆ ಮರಗಳ ನಡುವೆ ಇಳಿದುಬಿಡಬೇಕು. ರಾತ್ರಿ ಮೋಡ ಮುಚ್ಚಿ ಹಿಮ ಹೆಪ್ಪುಗಟ್ಟದಿದ್ದರೆ, ಹೆಜ್ಜೆ ಇಟ್ಟಲ್ಲೆಲ್ಲ ಮೊಣಕಾಲವರೆಗೆ ಹೂತರೆ, ಆ ದಿನ ಕಡಿದಾದ ಏರು ಬೇಡ. ಫೆಬ್ರವರಿಯ ಟಿಕೆಟ್ ಆಗಿಹೋಗಿದ್ದರೆ ರದ್ದು ಮಾಡಲೇಬೇಕೆಂದಿಲ್ಲ. ಜುಡಾ ಕಾ ತಾಲಾಬ್‌ವರೆಗೆ ಹೋಗಿ, ಕಾಡಿನಲ್ಲಿ ಎರಡು ರಾತ್ರಿ ಇದ್ದು, ಹಿಮದಲ್ಲಿ ನಡೆಯುವುದನ್ನೂ ಕೋನ ಅಳೆಯುವುದನ್ನೂ ಕಲಿತು ಬನ್ನಿ. ಹೊರಡುವ ಹಿಂದಿನ ಐದು ದಿನ ಉತ್ತರಕಾಶಿಯಲ್ಲಿ ಹಿಮ ಬಿದ್ದಿಲ್ಲ, ಮುಂದಿನ ಮೂರು ದಿನದ ಮುನ್ಸೂಚನೆಯೂ ತಿಳಿಯಾಗಿದೆ, ಅಪಾಯದ ಮಟ್ಟ ಎರಡಕ್ಕಿಂತ ಕೆಳಗಿದೆ, ಗೈಡ್ ಕೂಡ ಒಪ್ಪುತ್ತಾರೆ ಎಂದಾದರೆ ತುದಿಯ ಯೋಚನೆ ಮಾಡಬಹುದು. ನಾಲ್ಕರಲ್ಲಿ ಒಂದು ತಪ್ಪಿದರೂ ತಾಲಾಬಿನಿಂದಲೇ ಹಿಂತಿರುಗಿ.